ಕಪ್ಪುಕುಳಿಗಳು ಒಂದಾದಾಗ ಮೂರು ಸೂರ್ಯರಷ್ಟು ತೂಕ ಎಲ್ಲಿ ಹೋಯಿತು?

ಪ್ರಶ್ನೆ: ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ ನಾನು. 2015ರಲ್ಲಿ ಪತ್ತೆಯಾದ ಕಪ್ಪುಕುಳಿಗಳ ಡಿಕ್ಕಿಯ ವಿಷಯ ಹತ್ತನೇ ತರಗತಿಯಲ್ಲಿ ಬಂದಾಗ ಮಕ್ಕಳು ನಾಲ್ಕು ಪ್ರಶ್ನೆ ಕೇಳಿದರು. ಡಿಕ್ಕಿಯಾದಾಗ ಸ್ಫೋಟ ಆಗುತ್ತದೆಯೇ? 36 ಸೂರ್ಯರಷ್ಟು ತೂಕದ್ದೊಂದು, 29 ಸೂರ್ಯರಷ್ಟು ತೂಕದ್ದೊಂದು ಸೇರಿದರೆ 65 ಆಗಬೇಕು, 62 ಹೇಗಾಯಿತು? ಕಪ್ಪುಕುಳಿಯಿಂದ ಏನೂ ಹೊರಗೆ ಬರುವುದಿಲ್ಲ ಎಂದಮೇಲೆ ಮಿಕ್ಕ ಮೂರು ಹೊರಗೆ ಬಂದದ್ದು ಹೇಗೆ? ಇಂಥದ್ದು ಹತ್ತಿರದಲ್ಲೇ ಆದರೆ ನಮಗೇನಾಗುತ್ತದೆ? ಮಳೆಗಾಲ ಮುಗಿಯುವವರೆಗೆ ನಮ್ಮ ಕಡೆ ನಕ್ಷತ್ರ ತೋರಿಸುವ ಹಾಗಿಲ್ಲ. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಮಕ್ಕಳ ಕೈಯಲ್ಲೇ ಮಾಡಿಸುವಂಥದ್ದು ಏನಾದರೂ ಇದೆಯೇ?

ಉತ್ತರ: ಮೇಡಂ, ನಿಮ್ಮ ಮಕ್ಕಳ ಮೂರನೆಯ ಪ್ರಶ್ನೆಯೇ ಇಲ್ಲಿ ತಾಯಿಬೇರು. ಅದು ಬಿಡಿಸಿದರೆ ಉಳಿದವು ಸಲೀಸು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಮೂರು ಸೂರ್ಯರಷ್ಟು ತೂಕ ಕಪ್ಪುಕುಳಿಗಳ ಒಳಗಿನಿಂದ ಬಂದದ್ದಲ್ಲ. ಒಳಗೆ ಬಿದ್ದದ್ದು ಒಂದು ಕಣವೂ ಈಚೆಗೆ ಬಂದಿಲ್ಲ. ಇದು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ಆ ಜೋಡಿಯ ಕೊನೆಯ ದಿನಗಳನ್ನು ಕ್ರಮವಾಗಿ ನೋಡಬೇಕು.

ಮೊದಲು ಗಾತ್ರ. ಕಪ್ಪುಕುಳಿಗೆ ನೆಲವಿಲ್ಲ, ಸಿಪ್ಪೆಯಿಲ್ಲ. ಅದಕ್ಕಿರುವುದು ಒಂದು ಗಡಿ, ಘಟನಾ ದಿಗಂತ. ಅದನ್ನು ದಾಟಿ ಒಳಗೆ ಹೋದ ಬೆಳಕು ಕೂಡ ತಿರುಗಿ ಬರುವುದಿಲ್ಲ. ತಿರುಗದೆ ನಿಂತಿರುವ ಕಪ್ಪುಕುಳಿಯಾದರೆ ಒಂದು ಸೂರ್ಯನಷ್ಟು ತೂಕಕ್ಕೆ ಈ ಗಡಿಯ ತ್ರಿಜ್ಯ ಸುಮಾರು 2.95 ಕಿ.ಮೀ. ತೂಕ ಎಷ್ಟು ಪಟ್ಟೋ ತ್ರಿಜ್ಯವೂ ಅಷ್ಟೇ ಪಟ್ಟು. ಹಾಗಾಗಿ 36 ಸೂರ್ಯರದ್ದಕ್ಕೆ 106 ಕಿ.ಮೀ., 29 ಸೂರ್ಯರದ್ದಕ್ಕೆ 86 ಕಿ.ಮೀ. ಮಕ್ಕಳಿಗೆ ಭೂಪಟದ ಮೇಲೆ ಕೈವಾರ ಇಟ್ಟು ತೋರಿಸಿ: ಶಿವಮೊಗ್ಗವನ್ನು ನಡುವೆ ಇಟ್ಟು 106 ಕಿ.ಮೀ. ವೃತ್ತ ಎಳೆದರೆ ಒಂದು ಕಡೆ ಕುಂದಾಪುರದ ಕಡಲತೀರ ಮುಟ್ಟುತ್ತದೆ, ಇನ್ನೊಂದು ಕಡೆ ದಾವಣಗೆರೆ ಒಳಗೇ ಸೇರುತ್ತದೆ. ಮೂವತ್ತಾರು ಸೂರ್ಯರ ತೂಕ ಅಷ್ಟರೊಳಗೆ. ಇಂಥ ಎರಡು ಒಂದರ ಸುತ್ತ ಒಂದು ಸುತ್ತುತ್ತಿದ್ದವು.

ಸುತ್ತುವ ಜೋಡಿ ಸುಮ್ಮನೆ ಸುತ್ತುತ್ತಲೇ ಇರುವುದಿಲ್ಲ. ಭಾರವಾದ ವಸ್ತುಗಳು ಹೀಗೆ ಓಡಾಡಿದಾಗ ದೇಶಕಾಲದಲ್ಲಿ, ಅಂದರೆ ಸ್ಥಳ ಮತ್ತು ಕಾಲ ಸೇರಿದ ಹಂದರದಲ್ಲಿ, ಅಲೆಗಳೇಳುತ್ತವೆ. ಅವೇ ಗುರುತ್ವ ಅಲೆಗಳು. ಅಲೆ ಶಕ್ತಿಯನ್ನು ಹೊತ್ತುಕೊಂಡು ಹೋಗುತ್ತದೆ, ಕಕ್ಷೆ ಅಷ್ಟು ಕುಗ್ಗುತ್ತದೆ. ಕುಗ್ಗಿದ ಕಕ್ಷೆಯಲ್ಲಿ ವೇಗ ಹೆಚ್ಚು, ಅಲೆಯೂ ಜೋರು. ಜೋರಾದ ಅಲೆ ಇನ್ನಷ್ಟು ಬೇಗ ಕುಗ್ಗಿಸುತ್ತದೆ. ಅಂತರ ಅರ್ಧವಾದರೆ ಉಳಿದ ಆಯುಷ್ಯ 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ಹದಿನಾರು ಪಟ್ಟಿನ ಲೆಕ್ಕ ಎಷ್ಟು ಕಠೋರ ಎಂಬುದಕ್ಕೆ ಒಂದು ಉದಾಹರಣೆ. ತಲಾ 30 ಸೂರ್ಯರಷ್ಟು ತೂಕದ ಎರಡು ಕಪ್ಪುಕುಳಿಗಳ ನಡುವೆ ಭೂಮಿಗೂ ಸೂರ್ಯನಿಗೂ ಇರುವಷ್ಟು ದೂರವಿದ್ದರೆ ಅವು ಸೇರಲು ಸುಮಾರು 6 ಲಕ್ಷ ಕೋಟಿ ವರ್ಷ ಬೇಕು. ವಿಶ್ವದ ವಯಸ್ಸೇ 1,380 ಕೋಟಿ ವರ್ಷ. ಅಂದರೆ ಅವು ಸೇರುವುದೇ ಇಲ್ಲ ಎನ್ನಿ. ಅದೇ ಅಂತರ ಐದರಲ್ಲಿ ಒಂದು ಪಾಲಾಗಿ, 3 ಕೋಟಿ ಕಿ.ಮೀ. ಆದರೆ 950 ಕೋಟಿ ವರ್ಷ ಸಾಕು. ಅದರಲ್ಲೂ ಅರ್ಧಕ್ಕೆ ಇಳಿದರೆ 59 ಕೋಟಿ.

ಇಲ್ಲೊಂದು ತೊಡಕಿದೆ. ಇಂಥ ಕಪ್ಪುಕುಳಿಗಳಾಗುವ ದೊಡ್ಡ ನಕ್ಷತ್ರಗಳು ಮುದಿಯಾದಾಗ ಉಬ್ಬಿ 3 ಕೋಟಿ ಕಿ.ಮೀ.ಗಿಂತ ಎಷ್ಟೋ ದೊಡ್ಡದಾಗುತ್ತವೆ. ಹಾಗಾದರೆ ಅಷ್ಟು ಹತ್ತಿರದ ಜೋಡಿ ಹುಟ್ಟುವುದು ಹೇಗೆ? ಎರಡು ದಾರಿಗಳನ್ನು ಖಗೋಳ ವಿಜ್ಞಾನಿಗಳು ಮುಂದಿಡುತ್ತಾರೆ. ಒಂದು, ಅವಳಿ ನಕ್ಷತ್ರಗಳಲ್ಲಿ ಒಂದು ಉಬ್ಬಿದಾಗ ಇನ್ನೊಂದು ಅದರ ಹೊರಪದರದ ಅನಿಲದೊಳಗೇ ಸುತ್ತುತ್ತ, ಘರ್ಷಣೆಯಿಂದ ಕಕ್ಷೆ ಕುಗ್ಗಿಸಿಕೊಳ್ಳುವುದು. ಇನ್ನೊಂದು, ನಕ್ಷತ್ರಗಳು ದಟ್ಟವಾಗಿ ಕಿಕ್ಕಿರಿದ ಗೋಳಗುಚ್ಛಗಳಲ್ಲಿ ಬೇರೆ ಬೇರೆ ಕಡೆ ಹುಟ್ಟಿದ ಕಪ್ಪುಕುಳಿಗಳು ಎದುರುಬದುರಾಗಿ ಜೋಡಿಯಾಗುವುದು. ಮೂರನೆಯದೊಂದು ಹತ್ತಿರ ಬಂದು ಹೋದಾಗಲೆಲ್ಲ ಆ ಜೋಡಿ ಇನ್ನಷ್ಟು ಬಿಗಿಯಾಗುತ್ತದೆ. ಎರಡೂ ನಡೆಯುತ್ತಿರಬೇಕು ಎಂದು ನನ್ನ ಅಭಿಪ್ರಾಯ. ಯಾವುದರ ಪಾಲು ಎಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಈಗ ಕೊನೆಯ ಘಳಿಗೆಗೆ ಬರೋಣ. ಜೋಡಿ ಅರ್ಧ ಸುತ್ತು ಸುತ್ತಿದರೆ ಮೊದಲಿನಂತೆಯೇ ಕಾಣುವುದರಿಂದ ಒಂದು ಸುತ್ತಿಗೆ ಎರಡು ಅಲೆ ಹೊರಡುತ್ತವೆ. 2015ರ ಜೋಡಿ ಸೆಕೆಂಡಿಗೆ ಒಂದು ಅಲೆ ಕಳಿಸುತ್ತಿದ್ದಾಗ ಅದಕ್ಕೆ ಉಳಿದಿದ್ದ ಆಯುಷ್ಯ ಸುಮಾರು 37 ನಿಮಿಷ. 10 ಹರ್ಟ್ಸ್, ಅಂದರೆ ಸೆಕೆಂಡಿಗೆ 10 ಅಲೆ, ಮುಟ್ಟಿದಾಗ 5 ಸೆಕೆಂಡ್. 35 ಹರ್ಟ್ಸ್ ಮುಟ್ಟಿದಾಗ ಸೆಕೆಂಡಿನ ಐದರಲ್ಲೊಂದು ಪಾಲು. ಗುರುತ್ವ ಅಲೆ ಹಿಡಿಯುವ ಅಮೆರಿಕದ ಲೈಗೋ ಉಪಕರಣಕ್ಕೆ ಸ್ಪಷ್ಟವಾಗಿ ಸಿಕ್ಕದ್ದು ಈ ಕೊನೆಯ ತುಣುಕು ಮಾತ್ರ. ಅಷ್ಟರಲ್ಲಿ ಆವೃತ್ತಿ 35ರಿಂದ 250 ಹರ್ಟ್ಸ್‌ಗೆ ಏರಿತು, ವೇಗ ಬೆಳಕಿನ ವೇಗದ ಮೂರರಲ್ಲೊಂದು ಪಾಲಿನಿಂದ ಅರ್ಧವನ್ನೂ ದಾಟಿತು. ಅಲೆ ಅತಿ ಜೋರಾಗಿದ್ದಾಗ ಆವೃತ್ತಿ 150 ಹರ್ಟ್ಸ್, ಅಂದರೆ ಸೆಕೆಂಡಿಗೆ 75 ಸುತ್ತು. ಅಷ್ಟು ಬೇಗ ಸುತ್ತಬೇಕಾದರೆ ಎರಡರ ನಡುವೆ 350 ಕಿ.ಮೀ.ಗಿಂತ ಹೆಚ್ಚು ಜಾಗ ಇರುವಂತಿಲ್ಲ. ಸೂರ್ಯನ ತೂಕದ ಅರವತ್ತೈದು ಪಟ್ಟನ್ನು ಅಷ್ಟು ಸಣ್ಣ ಜಾಗದಲ್ಲಿ ಇಡಬಲ್ಲದ್ದು ಕಪ್ಪುಕುಳಿ ಬಿಟ್ಟರೆ ಬೇರೆ ಯಾವುದೂ ನಮಗೆ ಗೊತ್ತಿಲ್ಲ. ಇವು ಕಪ್ಪುಕುಳಿಗಳೇ ಎಂದು ವಿಜ್ಞಾನಿಗಳು ಧೈರ್ಯವಾಗಿ ಹೇಳಿದ್ದು ಈ ಆಧಾರದಿಂದ. ಯಾರೂ ಅವುಗಳನ್ನು ಕಣ್ಣಲ್ಲಿ ಕಂಡಿಲ್ಲ.

ಆಮೇಲೆ ಎರಡು ದಿಗಂತಗಳು ಬಡಿದುಕೊಳ್ಳುತ್ತವೆಯೇ? ಇಲ್ಲ. ಬಡಿದುಕೊಳ್ಳಲು ಗಟ್ಟಿಯಾದದ್ದೇನೂ ಅಲ್ಲಿಲ್ಲ. ಹತ್ತಿರ ಬಂದ ಒಂದು ಹಂತದಲ್ಲಿ ಎರಡನ್ನೂ ಒಳಗಿಟ್ಟುಕೊಂಡ ಒಂದೇ ದಿಗಂತ ಮೂಡುತ್ತದೆ. ಮೊದಲು ಅದು ಉದ್ದಕ್ಕಿದ್ದು ನಡುವೆ ಕಿರಿದಾಗಿರುತ್ತದೆ. ಕೆಲವೇ ಮಿಲಿಸೆಕೆಂಡುಗಳಲ್ಲಿ ಅದುರುತ್ತ, ಅದುರಿದ್ದನ್ನೆಲ್ಲ ಅಲೆಯಾಗಿ ಕಳಿಸಿಬಿಟ್ಟು, ಧ್ರುವಗಳಲ್ಲಿ ಕೊಂಚ ಚಪ್ಪಟೆಯಾದ, ಜೋರಾಗಿ ತಿರುಗುವ ಒಂದು ಕಪ್ಪುಕುಳಿಯಾಗಿ ನಿಲ್ಲುತ್ತದೆ. 2015ರದ್ದು ಕಪ್ಪುಕುಳಿ ತಿರುಗಬಹುದಾದ ಗರಿಷ್ಠ ಪ್ರಮಾಣದ ಸುಮಾರು 67%ರಷ್ಟು ತಿರುಗುತ್ತಿತ್ತು. ಮೂಲ ಕಪ್ಪುಕುಳಿಗಳು ತಿರುಗದಿದ್ದರೂ ಕಕ್ಷೆಯ ಸುತ್ತಾಟವೇ ಹೊಸದರ ಭ್ರಮಣವಾಗಿ ಉಳಿಯುತ್ತದೆ.

ಈ ಕೊನೆಯ ಅದುರಾಟವನ್ನು ಮೊದಲು ಲೆಕ್ಕದಲ್ಲಿ ಕಂಡವರು ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ. ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದ ಅವರು 1970ರಲ್ಲಿ, ಕಪ್ಪುಕುಳಿಯ ಮೇಲೆ ಗುರುತ್ವ ಅಲೆಯ ಒಂದು ತುಣುಕನ್ನು ಹಾಯಿಸಿದರೆ ಏನು ತಿರುಗಿ ಬರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಹಾಯಿಸಿದ ತುಣುಕು ಹೇಗೇ ಇರಲಿ, ತಿರುಗಿ ಬಂದದ್ದು ಬೇಗನೆ ಕುಂದುವ ಒಂದೇ ಬಗೆಯ ಕಂಪನ. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾರಲ್ಲ, ಆ ಸದ್ದು ತಟ್ಟಿದ ಬೆರಳಿನದಲ್ಲ, ಮಡಕೆಯದು. ಹಾಗೆಯೇ ಈ ಕಂಪನದ ಆವೃತ್ತಿಯೂ ಅದು ಕುಂದುವ ಕಾಲವೂ ಕಪ್ಪುಕುಳಿಯ ತೂಕ ಮತ್ತು ಭ್ರಮಣ ಎರಡನ್ನೇ ಹೇಳುತ್ತವೆ. 2015ರ ಅಲೆಯಲ್ಲಿ ಅದು ಸುಮಾರು 250 ಹರ್ಟ್ಸ್, ಕುಂದಲು ತೆಗೆದುಕೊಂಡದ್ದು ಸುಮಾರು 4 ಮಿಲಿಸೆಕೆಂಡ್. ವಿಶ್ವೇಶ್ವರ ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು. ತಮ್ಮ ಲೆಕ್ಕ ನಲವತ್ತೈದು ವರ್ಷದ ಮೇಲೆ ಆಕಾಶದಿಂದ ಸಿಕ್ಕಿದ್ದನ್ನು ನೋಡಿ, 2017ರ ಜನವರಿಯಲ್ಲಿ ತೀರಿಕೊಂಡರು. ಈ ವಿಷಯ ಪಾಠ ಮಾಡುವ ಕನ್ನಡದ ಶಿಕ್ಷಕರು ಅವರ ಹೆಸರನ್ನು ಬಿಡಬಾರದು. ಪೂನಾದ ಖಗೋಳ ಸಂಶೋಧನಾ ಕೇಂದ್ರ ಅಯುಕಾದಲ್ಲಿ ಸಂಜೀವ ಧುರಂಧರ್, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬಾಲ ಅಯ್ಯರ್ ಈ ಅಲೆಗಳನ್ನು ಹೆಕ್ಕುವ ಮತ್ತು ಅವುಗಳ ಆಕಾರ ಲೆಕ್ಕಹಾಕುವ ಕೆಲಸಕ್ಕೆ ದಶಕಗಟ್ಟಲೆ ದುಡಿದಿದ್ದಾರೆಂಬುದನ್ನೂ ಹೇಳಿ.

ಈಗ ತೂಕದ ಲೆಕ್ಕ. 65 ಎಂಬುದು ಎರಡೂ ಒಂದರಿಂದೊಂದು ಬಹಳ ದೂರದಲ್ಲಿ ಬೇರೆಬೇರೆಯಾಗಿದ್ದಾಗಿನ ತೂಕ. ಒಂದನ್ನೊಂದು ಹಿಡಿದುಕೊಂಡ ವಸ್ತುಗಳ ಒಟ್ಟು ತೂಕ, ಅವು ಬಿಡಿಯಾಗಿದ್ದಾಗಿನ ತೂಕಕ್ಕಿಂತ ಯಾವಾಗಲೂ ಕಡಿಮೆ. ಇದು ಕಪ್ಪುಕುಳಿಗೆ ಮಾತ್ರ ಸೇರಿದ ವಿಚಿತ್ರವಲ್ಲ. ಸೂರ್ಯನಲ್ಲಿ ನಾಲ್ಕು ಹೈಡ್ರೋಜನ್ ಬೀಜಗಳು ಸೇರಿ ಹೀಲಿಯಂ ಆದಾಗ 0.7% ತೂಕ ಕಡಿಮೆಯಾಗುತ್ತದೆ, ಅದೇ ಬಿಸಿಲಾಗಿ ನಮಗೆ ಸಿಗುತ್ತದೆ. ಅಲ್ಲಿಯೂ ಪ್ರೋಟಾನಿನ ಒಳಗಿನ ಚೂರೊಂದು ಕಿತ್ತು ಬಂದಿರುವುದಿಲ್ಲ. ಕಟ್ಟು ಬಿದ್ದಾಗ ಕಳೆದ ಶಕ್ತಿ ಅದು. ಕಪ್ಪುಕುಳಿಗಳಲ್ಲಿ ಕಟ್ಟು ಬೀಳುವುದು ಗುರುತ್ವದಿಂದ, ಕಳೆದದ್ದು 65ರಲ್ಲಿ 3, ಅಂದರೆ 4.6%. ಆ ಶಕ್ತಿ ಇದ್ದದ್ದು ದಿಗಂತಗಳ ಹೊರಗೆ, ಎರಡರ ಸುತ್ತಲಿನ ಗುರುತ್ವ ಕ್ಷೇತ್ರದಲ್ಲಿ ಮತ್ತು ಅವುಗಳ ಓಟದಲ್ಲಿ. ಹೊರಗಿದ್ದದ್ದು ಹೊರಗೇ ಹೋಯಿತು. ದಿಗಂತವನ್ನು ಒಳಗಿನಿಂದ ಈಚೆಗೆ ದಾಟಿದ್ದು ಏನೂ ಇಲ್ಲ.

ಬಲ್ಲ ವಿದ್ಯಾರ್ಥಿ ಇನ್ನೊಂದು ಪ್ರಶ್ನೆ ಕೇಳಬಹುದು: ಅಳತೆಯಲ್ಲಿ 36ಕ್ಕೂ 29ಕ್ಕೂ ನಾಲ್ಕೈದರ ಏರುಪೇರು ಇದೆಯಲ್ಲ, ಹಾಗಿದ್ದಮೇಲೆ ಬರೀ 3ರ ವ್ಯತ್ಯಾಸವನ್ನು ನಂಬುವುದು ಹೇಗೆ? ಒಳ್ಳೆಯ ಪ್ರಶ್ನೆ. 3 ಎಂಬುದನ್ನು ಮೂರು ಬೇರೆಬೇರೆ ಅಳತೆಗಳನ್ನು ಕೂಡಿ ಕಳೆದು ತೆಗೆದಿಲ್ಲ. ಒಂದೇ ಅಲೆಯ ಆಕಾರದಿಂದ ಎಲ್ಲವೂ ಒಟ್ಟಿಗೆ ಹೊರಡುತ್ತವೆ. ಒಂದು ಕೊಂಚ ಹೆಚ್ಚಾದರೆ ಇನ್ನೊಂದು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಕಳೆದ ಶಕ್ತಿಯ ಏರುಪೇರು ಅರ್ಧ ಸೂರ್ಯನಷ್ಟು ಮಾತ್ರ.

ತೂಕ ಕಡಿಮೆಯಾಗಬಹುದು, ಆದರೆ ಕಡಿಮೆಯಾಗಲಾರದ್ದು ಒಂದಿದೆ. ದಿಗಂತದ ಮೇಲ್ಮೈ ವಿಸ್ತೀರ್ಣ. ಎರಡು ಕಪ್ಪುಕುಳಿಗಳು ಸೇರಿ ಆದ ಹೊಸದರ ವಿಸ್ತೀರ್ಣ ಹಳೆಯವೆರಡರ ಮೊತ್ತಕ್ಕಿಂತ ಕಡಿಮೆಯಿರಲು ಸಾಧ್ಯವಿಲ್ಲ ಎಂದು 1971ರಲ್ಲಿ ಸ್ಟೀಫನ್ ಹಾಕಿಂಗ್ ತೋರಿಸಿದರು. ಇದನ್ನು ಬೋರ್ಡಿನ ಮೇಲೆ ಮಾಡಿಸಬಹುದು. ತ್ರಿಜ್ಯ 106 ಮತ್ತು 86 ಕಿ.ಮೀ. ಹಿಡಿದು ಗೋಳದ ವಿಸ್ತೀರ್ಣ ತೆಗೆದರೆ ಎರಡೂ ಸೇರಿ ಸುಮಾರು 2.3 ಲಕ್ಷ ಚದರ ಕಿ.ಮೀ. 62 ಸೂರ್ಯರಷ್ಟು ತೂಕದ ತಿರುಗುವ ಕಪ್ಪುಕುಳಿಗೆ ಸುಮಾರು 3.7 ಲಕ್ಷ. ತೂಕ ಇಳಿದರೂ ವಿಸ್ತೀರ್ಣ ಏರಿತು. ಇದೇ ನಿಯಮದಿಂದ ಕಳೆಯಬಹುದಾದ ತೂಕಕ್ಕೂ ಒಂದು ಮಿತಿ ಸಿಗುತ್ತದೆ. ವಿಸ್ತೀರ್ಣ ತೂಕದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ತಲಾ 30ರ ಎರಡು ಸೇರಿದರೆ 900 ಮತ್ತು 900 ಸೇರಿ 1,800. ಅದರ ವರ್ಗಮೂಲ 42.4. ಹೊಸದು 42.4ಕ್ಕಿಂತ ಹಗುರವಾಗಿರಲಾರದು. ಅಂದರೆ 60ರಲ್ಲಿ ಹೆಚ್ಚೆಂದರೆ 29% ಹೋಗಬಹುದು. ನಿಜವಾಗಿ ಹೋಗುವುದು ಅದರಲ್ಲಿ ಸಣ್ಣ ಪಾಲು.

2025ರ ಜನವರಿ 14ರಂದು ಸಿಕ್ಕ ಅಲೆ ಈ ನಿಯಮವನ್ನು ಅಲ್ಲಿಯವರೆಗಿನ ಯಾವುದಕ್ಕಿಂತಲೂ ಚೆನ್ನಾಗಿ ಒರೆಗೆ ಹಚ್ಚಿತು. ಅದರ ಕಪ್ಪುಕುಳಿಗಳು 2015ರವಕ್ಕೆ ತೂಕದಲ್ಲಿ ಹೆಚ್ಚುಕಡಿಮೆ ಸಮ, ದೂರವೂ ಅದರ ಆಸುಪಾಸು. ಆದರೆ ಹತ್ತು ವರ್ಷದಲ್ಲಿ ಉಪಕರಣದ ಸದ್ದುಗದ್ದಲ ಎಷ್ಟು ತಗ್ಗಿತ್ತೆಂದರೆ ಅಲೆ ಮೂರು ಪಟ್ಟು ಸ್ಪಷ್ಟವಾಗಿ ಎದ್ದು ಕಂಡಿತು. ಮೊದಲಿನ ವಿಸ್ತೀರ್ಣ 2.4 ಲಕ್ಷ ಚದರ ಕಿ.ಮೀ., ಆಮೇಲಿನದು 4 ಲಕ್ಷ. ಕರ್ನಾಟಕದ ವಿಸ್ತೀರ್ಣ 1.92 ಲಕ್ಷ ಎಂಬುದನ್ನು ಪಕ್ಕದಲ್ಲಿ ಬರೆಯಿರಿ, ಮಕ್ಕಳಿಗೆ ಅಳತೆ ಹಿಡಿತಕ್ಕೆ ಸಿಗುತ್ತದೆ.

ಇನ್ನು ಸ್ಫೋಟದ ಮಾತು. ಸ್ಫೋಟಕ್ಕೆ ಉರಿಯಬೇಕಾದ, ಚದುರಬೇಕಾದ ವಸ್ತು ಬೇಕು. ಇಲ್ಲಿ ಅದಿಲ್ಲ. ಬೆಳಕಿಲ್ಲ, ಬಿಸಿಯಿಲ್ಲ, ಸಿಡಿದ ಚೂರಿಲ್ಲ. ಹೋದದ್ದೆಲ್ಲ ಗುರುತ್ವ ಅಲೆಯಾಗಿ. ಹಾಗೆಂದು ಕಡಿಮೆಯೇನಲ್ಲ: ಸೂರ್ಯ ತನ್ನ ಸಾವಿರ ಕೋಟಿ ವರ್ಷದ ಇಡೀ ಬಾಳಿನಲ್ಲಿ ಬೆಳಗಿ ಕಳೆಯುವ ಶಕ್ತಿಯ 4,000 ಪಟ್ಟಿಗೂ ಹೆಚ್ಚು, ಅದರಲ್ಲಿ ಬಹುಪಾಲು ಸೆಕೆಂಡಿನ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಹೋಯಿತು. ಆ ತುದಿಯ ಕ್ಷಣದಲ್ಲಿ, ಕಾಣುವ ವಿಶ್ವದ ಎಲ್ಲ ನಕ್ಷತ್ರಗಳ ಬೆಳಕು ಸೇರಿದರೂ ಅದಕ್ಕೆ ಸಮವಾಗುತ್ತಿರಲಿಲ್ಲ. ಸುತ್ತ ಅನಿಲ ದಟ್ಟವಾಗಿದ್ದರೆ ಮಾತ್ರ ಬೆಳಕು ಏಳಬಹುದು. 2019ರ ಮೇ 21ರ ಡಿಕ್ಕಿಗೆ ಅಂಥ ಒಂದು ಮಿನುಗನ್ನು ಕೆಲವರು ಜೋಡಿಸಿದ್ದಾರೆ, ಒಪ್ಪದವರೂ ಇದ್ದಾರೆ. ಬೆಳಕು ಖಚಿತವಾಗಿ ಸಿಕ್ಕದ್ದು ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ನಕ್ಷತ್ರಗಳ ಅತಿ ದಟ್ಟವಾದ ತಿರುಳು) ಸೇರಿದಾಗ, 2017ರ ಆಗಸ್ಟ್ 17ರಂದು. ಅಲೆ ಮುಗಿದ 1.7 ಸೆಕೆಂಡಿಗೆ ಗಾಮಾ ಕಿರಣ ಬಂತು. ಅಲ್ಲಿ ಚದುರಲು ವಸ್ತು ಇತ್ತು.

ನೆಟ್ಟಗೆ ಎದುರುಬದುರಾಗಿ ಬಂದು ಹಾಯ್ದರೆ ಇನ್ನೂ ಜೋರಾಗುತ್ತದೆ ಎಂದು ಅನೇಕರು ಊಹಿಸುತ್ತಾರೆ. ತದ್ವಿರುದ್ಧ. ಸಮ ತೂಕದ ಎರಡು ನೇರವಾಗಿ ಒಂದರೊಳಗೊಂದು ಬಿದ್ದರೆ ಹೊರಡುವುದು ಒಟ್ಟು ತೂಕದ 0.06% ಕೂಡ ಅಲ್ಲ. ಸುತ್ತಿ ಸುತ್ತಿ ಸೇರಿದರೆ 5%ರ ಹತ್ತಿರ. ಅಲೆಯೆಬ್ಬಿಸುವುದು ಸುತ್ತಾಟ. ಎರಡರ ಭ್ರಮಣವೂ ಕಕ್ಷೆಯ ದಿಕ್ಕಿಗೇ ಇದ್ದರೆ ಅವು ಬೇಗ ಬೀಳದೆ ಇನ್ನೂ ಕೆಲವು ಸುತ್ತು ಹಾಕುತ್ತವೆ, ಕಳೆಯುವ ಪಾಲು 10%ರ ಹತ್ತಿರಕ್ಕೂ ಹೋಗುತ್ತದೆ. ಇನ್ನೊಂದು ಪರಿಣಾಮವನ್ನು ಹೇಳದೆ ಬಿಡಬಾರದು. ಅಲೆ ಎಲ್ಲ ದಿಕ್ಕಿಗೂ ಸಮವಾಗಿ ಹೋಗದಿದ್ದರೆ ಹೊಸ ಕಪ್ಪುಕುಳಿ ಎದುರು ದಿಕ್ಕಿಗೆ ಒದೆ ತಿನ್ನುತ್ತದೆ. ಭ್ರಮಣಗಳು ಒಂದು ನಿರ್ದಿಷ್ಟ ರೀತಿಯಲ್ಲಿ ವಾಲಿದ್ದರೆ ಆ ವೇಗ ಸೆಕೆಂಡಿಗೆ ಸಾವಿರಾರು ಕಿ.ಮೀ. ಆಗಬಹುದು. ಗೋಳಗುಚ್ಛದಿಂದ ಆಚೆ ಹಾರಿಹೋಗಲು ಸೆಕೆಂಡಿಗೆ ಕೆಲವು ಹತ್ತು ಕಿ.ಮೀ. ಸಾಕು. ಹಾಗಾಗಿ ಅಲ್ಲಿ ಒಮ್ಮೆ ಸೇರಿದ ಕಪ್ಪುಕುಳಿ ಅಲ್ಲೇ ಉಳಿದು ಮತ್ತೊಂದನ್ನು ಸೇರುವುದು ಸುಲಭವಲ್ಲ. ಆದರೂ 2023ರ ನವೆಂಬರ್ 23ರಂದು ಸಿಕ್ಕ ಜೋಡಿ 100ಕ್ಕೂ 140ಕ್ಕೂ ಹತ್ತಿರದ ತೂಕದ್ದು. ಅಷ್ಟು ತೂಕ ಒಂದೇ ನಕ್ಷತ್ರ ಕುಸಿದು ಬಂದದ್ದೆಂದು ಹೇಳುವುದು ಕಷ್ಟ. ಹಿಂದೆಯೇ ಒಮ್ಮೆ ಡಿಕ್ಕಿಯಲ್ಲಿ ಹುಟ್ಟಿದವುಗಳೇ ಮತ್ತೆ ಸೇರಿರಬಹುದೆಂಬ ವಿವರಣೆ ನನಗೆ ಹೆಚ್ಚು ಒಪ್ಪುತ್ತದೆ.

ಭೂಮಿಗೇನಾಗುತ್ತದೆ? 2015ರ ಅಲೆ ನಮ್ಮನ್ನು ಹಾಯ್ದುಹೋಯಿತು. ಸೆಪ್ಟೆಂಬರ್ 14, ಸೋಮವಾರ, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ 45 ಸೆಕೆಂಡ್. ಮೋಡ, ಗುಡ್ಡ, ಭೂಮಿಯ ಒಡಲು ಯಾವುದೂ ಅದನ್ನು ತಡೆಯುವುದಿಲ್ಲ. ಅಮೆರಿಕದ ಎರಡು ಲೈಗೋ ಕೇಂದ್ರಗಳನ್ನು ಹಾಯ್ದದ್ದೇ ನಿಮ್ಮ ಸಾಗರ ಊರನ್ನೂ ಹಾಯ್ದಿತು. 130 ಕೋಟಿ ಜ್ಯೋತಿರ್ವರ್ಷ ದೂರದಿಂದ ಬಂದದ್ದರಿಂದ ಉದ್ದಗಳನ್ನು ಹಿಗ್ಗಿಸಿ ಕುಗ್ಗಿಸಿದ ಪ್ರಮಾಣ 10ರ ಮೈನಸ್ 21ನೇ ಘಾತದಷ್ಟು. 253 ಮೀಟರ್ ಜೋಗದ ಎತ್ತರ ಆಗ ಬದಲಾದದ್ದು ಪ್ರೋಟಾನಿನ ಅಗಲದ ಸುಮಾರು ಏಳು ಸಾವಿರದಲ್ಲೊಂದು ಪಾಲು. ಲೈಗೋದ ತೋಳು, ಅಂದರೆ ಲೇಸರ್ ಓಡಾಡುವ ನೇರ ಕೊಳವೆ, 4 ಕಿ.ಮೀ. ಇರುವುದರಿಂದ ಅಲ್ಲಿ ನಾನೂರರಲ್ಲೊಂದು ಪಾಲು. ಅಷ್ಟನ್ನು ಅಳೆಯಲು ತಲಾ 40 ಕಿಲೋ ತೂಕದ ಕನ್ನಡಿಗಳನ್ನು ನಾಲ್ಕು ಹಂತದ ಲೋಲಕದಲ್ಲಿ ತೂಗುಹಾಕಿ, ಲೇಸರ್ ಬೆಳಕನ್ನು ನೂರಾರು ಸಲ ಓಡಾಡಿಸುತ್ತಾರೆ.

ಹತ್ತಿರ ಆದರೆ? ಅಲೆಯ ಬಲ ದೂರಕ್ಕೆ ತಕ್ಕಂತೆ ಮಾತ್ರ ಕುಗ್ಗುತ್ತದೆ, ಬೆಳಕಿನ ಪ್ರಖರತೆಯಂತೆ ದೂರದ ವರ್ಗಕ್ಕಲ್ಲ. ಅದೇ ಡಿಕ್ಕಿ ಒಂದು ಜ್ಯೋತಿರ್ವರ್ಷದಲ್ಲಿ ಆಗಿದ್ದರೂ ಹಿಗ್ಗುವ ಪ್ರಮಾಣ ಲಕ್ಷ ಕೋಟಿಯಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು. ಸೂರ್ಯನಿರುವ ಜಾಗದಲ್ಲೇ ಆದರೆ ನಮ್ಮ ಮೈ ಮೀಟರಿನ ಕೋಟಿಯಲ್ಲಿ ಒಂದೆರಡು ಪಾಲಿನಷ್ಟು ಹಿಗ್ಗಿ ಕುಗ್ಗುತ್ತದೆ, ಅರಿವಿಗೂ ಬರುವುದಿಲ್ಲ. ಅಷ್ಟು ಹತ್ತಿರ ಅರವತ್ತೈದು ಸೂರ್ಯರ ಗುರುತ್ವ ಬಂದರೆ ಡಿಕ್ಕಿಗೆ ಮುಂಚೆಯೇ ಗ್ರಹಗಳ ಕಕ್ಷೆ ಅಸ್ತವ್ಯಸ್ತವಾಗಿರುತ್ತದೆ, ಅದು ಬೇರೆ ಮಾತು. ನಮಗೆ ಗೊತ್ತಿರುವ ಅತಿ ಹತ್ತಿರದ ಕಪ್ಪುಕುಳಿ ಸುಮಾರು 1,560 ಜ್ಯೋತಿರ್ವರ್ಷ ದೂರ. ಅದರ ಜೋಡಿ ಸೂರ್ಯನಂಥ ಒಂದು ನಕ್ಷತ್ರ. ಮಕ್ಕಳು ನೆಮ್ಮದಿಯಿಂದ ಇರಬಹುದು.

ಕೊನೆಗೆ ಕಂಪ್ಯೂಟರ್ ಕೊಠಡಿ. ಮಳೆಗಾಲಕ್ಕೆ ಇದಕ್ಕಿಂತ ತಕ್ಕ ಕೆಲಸ ಬೇರೆ ಕಾಣೆ. ಲೈಗೋದ ಮೂಲ ದತ್ತಾಂಶ ಗ್ರ್ಯಾವಿಟೇಶನಲ್ ವೇವ್ ಓಪನ್ ಸೈನ್ಸ್ ಸೆಂಟರ್‌ನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಜಿಡಬ್ಲ್ಯು150914 ಎಂಬ, 2015ರ ಸೆಪ್ಟೆಂಬರ್ 14ರ ಘಟನೆಯ ಪುಟದಲ್ಲಿ ಹ್ಯಾನ್‌ಫೋರ್ಡ್ ಮತ್ತು ಲಿವಿಂಗ್‌ಸ್ಟನ್ ಎಂಬ ಎರಡೂ ಲೈಗೋ ಕೇಂದ್ರಗಳ 32 ಸೆಕೆಂಡಿನ, ಸೆಕೆಂಡಿಗೆ 4,096 ಬಿಂದುಗಳಿರುವ ಕಡತ ಇಳಿಸಿಕೊಳ್ಳಿ. ತಲಾ ಒಂದು ಎಂಬಿಯಷ್ಟೇ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ಅದರ ಜಿಡಬ್ಲ್ಯುಪೈ ಎಂಬ ಪೊಟ್ಟಣವನ್ನೂ ನೆಟ್‌ವರ್ಕ್ ಸಿಗುವ ಕಡೆ ಮೊದಲೇ ಹಾಕಿಸಿಕೊಂಡರೆ, ಆಮೇಲೆ ಇಂಟರ್ನೆಟ್ ಬೇಡ, ಬ್ಯಾಟರಿ ಇರುವ ಲ್ಯಾಪ್‌ಟಾಪ್ ಒಂದಿದ್ದರೆ ಕರೆಂಟ್ ಹೋದರೂ ನಡೆಯುತ್ತದೆ.

ಕಡತವನ್ನು ಹಾಗೇ ಗ್ರಾಫ್ ಮಾಡಿದರೆ ಅಲೆ ಕಾಣುವುದಿಲ್ಲ. ಅದಕ್ಕಿಂತ ನೂರಾರು ಪಟ್ಟು ದೊಡ್ಡದಾದ ನಿಧಾನದ ಏರಿಳಿತವೇ ಕಾಣುತ್ತದೆ. ಇದನ್ನು ಮಕ್ಕಳಿಗೆ ಮೊದಲು ತೋರಿಸಿ, ಹೆಕ್ಕುವ ಕೆಲಸದ ಕಷ್ಟ ಅರ್ಥವಾಗಲಿ. ನೆಲದ ನಡುಕ, ದೂರದ ಕಡಲಿನ ಅಲೆಗಳು, ತೂಗುತಂತಿಯ ಅದುರಾಟ ಎಲ್ಲ ಅದರಲ್ಲಿವೆ. ಮೊದಲ ಹೆಜ್ಜೆ, ಪ್ರತಿ ಆವೃತ್ತಿಯ ಗದ್ದಲವನ್ನೂ ಒಂದೇ ಮಟ್ಟಕ್ಕೆ ತರುವುದು. ಜಿಡಬ್ಲ್ಯುಪೈಯಲ್ಲಿ 'ವೈಟನ್' ಎಂಬ ಆದೇಶ ಇದೆ, 4 ಸೆಕೆಂಡಿನ ತುಂಡುಗಳನ್ನು ಕೊಡಿ. ಎರಡನೆಯದು, 35ರಿಂದ 350 ಹರ್ಟ್ಸ್ ಮಾತ್ರ ಉಳಿಸುವ 'ಬ್ಯಾಂಡ್‌ಪಾಸ್'. ಮೂರನೆಯದು, ಅಮೆರಿಕದ ವಿದ್ಯುತ್ತಿನ 60 ಹರ್ಟ್ಸ್ ಗುನುಗು ಮತ್ತು ಅದರ 120, 180ರ ಗುಣಕಗಳನ್ನು ತೆಗೆಯುವುದು. ಹೀಗೆ ಶೋಧಕ (ಫಿಲ್ಟರ್) ಹಾಕಿದಾಗ ಕಡತದ ಎರಡೂ ತುದಿಗಳಲ್ಲಿ ಸುಳ್ಳು ಏರಿಳಿತ ಬರುತ್ತದೆ, ಅಲ್ಲಿ ಏನೋ ಸಿಕ್ಕಿತೆಂದು ಸಂಭ್ರಮಿಸಬೇಡಿ. ಅಲೆ ಇರುವುದು ಕಡತ ಆರಂಭವಾದ 15.4ನೇ ಸೆಕೆಂಡಿನ ಹತ್ತಿರ. ಅದರ ಮುಂಚಿನ 0.2 ಸೆಕೆಂಡನ್ನು ಹಿಗ್ಗಿಸಿ ನೋಡಿ. ಏಳೆಂಟು ಅಲೆಗಳು ಒಂದಕ್ಕಿಂತ ಒಂದು ಎತ್ತರವಾಗಿ, ಒತ್ತೊತ್ತಾಗಿ, ಥಟ್ಟನೆ ನಿಂತುಹೋಗುತ್ತವೆ.

ಎರಡೂ ಕೇಂದ್ರಗಳ ಗ್ರಾಫನ್ನು ಒಂದರ ಮೇಲೊಂದು ಇಟ್ಟರೆ ಮೊದಲು ಹೊಂದುವುದಿಲ್ಲ. ಅಲೆ ಲಿವಿಂಗ್‌ಸ್ಟನ್‌ಗೆ 6.9 ಮಿಲಿಸೆಕೆಂಡ್ ಮುಂಚೆ ಬಂತು. ಹ್ಯಾನ್‌ಫೋರ್ಡ್‌ನ ಗ್ರಾಫನ್ನು ಅಷ್ಟು ಹಿಂದೆ ಸರಿಸಬೇಕು. ಎರಡು ಕಡೆ ತೋಳುಗಳ ದಿಕ್ಕು ಬೇರೆಯಾದ್ದರಿಂದ ಒಂದನ್ನು ತಲೆಕೆಳಗು ಮಾಡಬೇಕು. ಇಷ್ಟು ಮಾಡಿದರೆ ಎರಡೂ ಒಂದರ ಮೇಲೊಂದು ಕೂರುತ್ತವೆ. 3,000 ಕಿ.ಮೀ. ದೂರದ ಎರಡು ಉಪಕರಣಗಳಲ್ಲಿ ಒಂದೇ ಆಕಾರ ಇರುವುದನ್ನು ಮಕ್ಕಳು ತಾವೇ ಕಂಡಾಗ ಆಗುವ ನಂಬಿಕೆ, ನಾವು ನೂರು ಸಲ ಹೇಳಿದರೂ ಬಾರದು.

ಆಮೇಲೆ ತೂಕ ಅಳೆಸಿ. ಗ್ರಾಫ್ ಸೊನ್ನೆಯ ಗೆರೆಯನ್ನು ದಾಟುವ ಹೊತ್ತುಗಳನ್ನು ಪಟ್ಟಿ ಮಾಡಿ. ಪಕ್ಕಪಕ್ಕದ ಎರಡು ದಾಟುವಿಕೆಗಳ ನಡುವಿನ ಕಾಲ ಅರ್ಧ ಅಲೆಯದ್ದು. ಅದನ್ನು ದುಪ್ಪಟ್ಟು ಮಾಡಿ, ಒಂದನ್ನು ಅದರಿಂದ ಭಾಗಿಸಿದರೆ ಆವೃತ್ತಿ. ಪ್ರತಿ ಆವೃತ್ತಿಯ ಮೈನಸ್ 8/3 ಘಾತವನ್ನು ಕ್ಯಾಲ್ಕುಲೇಟರಿನಲ್ಲಿ ತೆಗೆದು, ಕಾಲದ ಎದುರು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಬಿಂದುಗಳು ಇಳಿಯುವ ಒಂದು ಸರಳರೇಖೆಯ ಹತ್ತಿರ ಕೂರುತ್ತವೆ. ಆ ರೇಖೆಯ ಇಳಿಜಾರನ್ನು (ಮೈನಸ್ ಗುರುತು ಬಿಟ್ಟು) 0.00000155ರಿಂದ ಭಾಗಿಸಿ, ಬಂದದ್ದರ 3/5 ಘಾತ ತೆಗೆದರೆ ಸೂರ್ಯನ ಲೆಕ್ಕದಲ್ಲಿ ಒಂದು ತೂಕ ಸಿಗುತ್ತದೆ. ಇದು ಎರಡು ತೂಕಗಳ ಮೊತ್ತವಲ್ಲ, ಎರಡೂ ಬೆರೆತ ಒಂದು ಸಂಖ್ಯೆ. ಅಲೆಯ ಆವೃತ್ತಿ ಏರುವ ವೇಗವನ್ನು ನಿರ್ಧರಿಸುವುದು ಅದೇ. ಮಕ್ಕಳಿಗೆ 30ರಿಂದ 40ರ ನಡುವೆ ಏನಾದರೂ ಬಂದರೆ ಕೆಲಸ ಸರಿಯಾಗಿದೆ. ಸರಿಯಾದ ಉತ್ತರ 30ರ ಹತ್ತಿರ. ಕೊನೆಯ ಒಂದೆರಡು ಬಿಂದುಗಳನ್ನು ಸೇರಿಸಿದರೆ ಉತ್ತರ ಕೆಡುತ್ತದೆ. ಕಪ್ಪುಕುಳಿಗಳು ಒಂದಾಗುವ ಹೊತ್ತಿಗೆ ಈ ಸರಳ ಸೂತ್ರ ನಡೆಯುವುದಿಲ್ಲ. ಅಲ್ಲಿಂದ ಮುಂದಕ್ಕೆ ಐನ್‌ಸ್ಟೈನ್ ಸಮೀಕರಣಗಳನ್ನು ದೊಡ್ಡ ಕಂಪ್ಯೂಟರುಗಳಲ್ಲೇ ಬಿಡಿಸಬೇಕು. ದಶಕಗಟ್ಟಲೆ ಆ ಲೆಕ್ಕಗಳು ನಡುವೆಯೇ ಕುಸಿದುಬೀಳುತ್ತಿದ್ದವು. 2005ರಲ್ಲಿ ಫ್ರಾನ್ಸ್ ಪ್ರಿಟೋರಿಯಸ್ ಮೊದಲ ಸಲ ಕಕ್ಷೆಯಿಂದ ಒಂದಾಗುವವರೆಗೆ ಪೂರ್ತಿ ನಡೆಸಿ ತೋರಿಸಿದರು. ಇನ್ನೊಂದು ಸೂಕ್ಷ್ಮ: ಅಲೆ ಬರುತ್ತಿರುವಾಗ ವಿಶ್ವ ಹಿಗ್ಗಿರುವುದರಿಂದ ನಾವು ಅಳೆದ ತೂಕ ನಿಜಕ್ಕಿಂತ 9% ಹೆಚ್ಚು. 30ನ್ನು 1.09ರಿಂದ ಭಾಗಿಸಿದರೆ 28ರ ಹತ್ತಿರ ಬರುತ್ತದೆ. 36 ಮತ್ತು 29ಕ್ಕೆ ಹೊಂದುವುದು ಅದು.

ಧ್ವನಿಯಾಗಿ ಕೇಳಿಸುವಾಗ ಲ್ಯಾಪ್‌ಟಾಪಿನ ಸಣ್ಣ ಸ್ಪೀಕರ್ ನಂಬಬೇಡಿ. ನೂರು ಹರ್ಟ್ಸ್‌ಗಿಂತ ಕೆಳಗಿನದನ್ನು ಅದು ನುಂಗಿಬಿಡುತ್ತದೆ, ಮಕ್ಕಳಿಗೆ ಬರೀ ಟಕ್ ಎಂದು ಕೇಳುತ್ತದೆ. ಹೆಡ್‌ಫೋನ್ ಕೊಡಿ, ಅಥವಾ ಎಲ್ಲ ಆವೃತ್ತಿಗಳನ್ನೂ 400 ಹರ್ಟ್ಸ್ ಮೇಲಕ್ಕೆ ಸರಿಸಿ ಕೇಳಿಸಿ. ಹಾಗೆ ಸರಿಸಿದ್ದೀರೆಂದು ಹೇಳಿಯೇ ಕೇಳಿಸಿ.

ಇದು ಮುಗಿದಮೇಲೆ ಮಕ್ಕಳು ಮುಂದಿನದಕ್ಕೆ ಕೈಹಾಕುವುದು ಖಂಡಿತ. 2015ರ ಡಿಸೆಂಬರ್ 26ರ ಘಟನೆಯನ್ನು ಕೊಡಬೇಡಿ. ಹಗುರವಾದ ಜೋಡಿ, ಅಲೆ ಒಂದು ಸೆಕೆಂಡಿನಷ್ಟು ಉದ್ದಕ್ಕೆ ಹರಡಿ ಗದ್ದಲದಲ್ಲಿ ಮುಳುಗಿದೆ. ಲೆಕ್ಕಹಾಕಿದ ಅಲೆಯ ಆಕಾರವನ್ನು ದತ್ತಾಂಶದ ಮೇಲೆ ಸರಿಸುತ್ತ ಹೋಲಿಸಿದರೆ ಮಾತ್ರ ಅದು ಸಿಗುತ್ತದೆ, ಬರಿಗಣ್ಣಿಗೆ ಸಿಗುವುದಿಲ್ಲ. 2017ರ ನ್ಯೂಟ್ರಾನ್ ನಕ್ಷತ್ರಗಳದ್ದು ನೂರು ಸೆಕೆಂಡಿನಷ್ಟು ಉದ್ದ, ಆವೃತ್ತಿ–ಕಾಲ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಲಿವಿಂಗ್‌ಸ್ಟನ್ ಕಡತದಲ್ಲಿ ಅಲೆ ಮುಗಿಯುವ 1.1 ಸೆಕೆಂಡಿಗೆ ಮುಂಚೆ ಉಪಕರಣದ್ದೇ ಒಂದು ದೊಡ್ಡ ತೊಡರು ಬಿದ್ದಿದೆ, ಅದನ್ನು ತೆಗೆದ ಕಡತವನ್ನೇ ಆರಿಸಿಕೊಳ್ಳಿ. ಎಲ್ಲಕ್ಕಿಂತ ಒಳ್ಳೆಯದು 2025ರ ಜನವರಿ 14ರ ಜಿಡಬ್ಲ್ಯು250114. ಮೊದಲನೆಯದಕ್ಕೆ ಮಾಡಿದ ಹೆಜ್ಜೆಗಳನ್ನೇ ಅದಕ್ಕೂ ಮಾಡಿಸಿ, ಎರಡರ ಗ್ರಾಫನ್ನೂ ಗೋಡೆಯ ಮೇಲೆ ಅಕ್ಕಪಕ್ಕ ಅಂಟಿಸಿ. ಗದ್ದಲ ಎಷ್ಟು ತಗ್ಗಿದೆ ಎಂಬುದನ್ನು ಅವರೇ ಸ್ಕೇಲು ಹಿಡಿದು ಅಳೆಯಲಿ.